ಕೊಡುವವರ ತಿಂಗಳು, ಬೇಕಾದವರ ತಿಂಗಳು

(ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ನಮ್ಮ ರೇಷನ್ ಕೋಣೆ ಮತ್ತು ಬಟ್ಟೆ ಅಂಗಡಿಯ ಸ್ವಯಂಸೇವಕಿ, ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)





ಅಧ್ಯಕ್ಷರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ನಲವತ್ತು ನಿಮಿಷದ ಪೀರಿಯಡ್‌ಗೆ ಒಗ್ಗಿಹೋದವಳು ನಾನು. ಗಂಟೆ ಬಾರಿಸುವವರು ಸ್ವಲ್ಪ ತಡೆದು ಬಾರಿಸಬೇಕಾಗಿ ವಿನಂತಿ.

ನಾನು ಗಣಿತ ಕಲಿಸಿದವಳು. ನಿವೃತ್ತಿಯಾದ ಮೇಲೆ ಪ್ರತಿ ಶನಿವಾರ ನಮ್ಮ ಟ್ರಸ್ಟ್‌ನ ರೇಷನ್ ಕೋಣೆಯಲ್ಲಿ, ಅದರ ಪಕ್ಕದ ಬಟ್ಟೆ ಅಂಗಡಿಯಲ್ಲಿ ಕುಳಿತುಕೊಳ್ಳುತ್ತೇನೆ. ವರ್ಷದ ಜಮಾ ಖರ್ಚಿನ ಲೆಕ್ಕ ನಿಮ್ಮ ಕೈಯಲ್ಲಿರುವ ವರದಿಯಲ್ಲಿದೆ. ಅದನ್ನು ನಾನು ಓದುವುದಿಲ್ಲ. ಆ ಲೆಕ್ಕದ ಅಂಕಣಗಳಲ್ಲಿ ಕಾಣದ ಒಂದೇ ಒಂದು ವಿಷಯವನ್ನು ಹೇಳಲು ಬಂದಿದ್ದೇನೆ. ನಾವು ಕೊಡುವುದು ನಮ್ಮ ಅನುಕೂಲಕ್ಕೆ ತಕ್ಕಂತೆ. ಅವರಿಗೆ ಬೇಕಾಗುವುದು ಬೇರೆ ವಸ್ತು, ಬೇರೆ ತಿಂಗಳಲ್ಲಿ, ಬೇರೆ ರೀತಿಯಲ್ಲಿ. ಈ ಎರಡರ ನಡುವಿನ ಅಂತರವನ್ನು ನಾನು ನನ್ನ ಕಣ್ಣಿಂದ ನೋಡಿದ್ದೇನೆ.

ನೋಡದವರಿಗಾಗಿ ಮೊದಲು ಆ ಎರಡು ಕೋಣೆಗಳ ಬಗ್ಗೆ ಎರಡು ಮಾತು. ಒಂದು ಕೋಣೆಯಲ್ಲಿ ಕಬ್ಬಿಣದ ಕಪಾಟುಗಳು. ಅಕ್ಕಿ, ಬೇಳೆ, ಹೆಸರುಕಾಳು, ತೆಂಗಿನೆಣ್ಣೆ, ಚಹಾಪುಡಿ, ಸೋಪು, ಮಕ್ಕಳ ಹಾಲಿನ ಪುಡಿ. ಇನ್ನೊಂದು ಕೋಣೆಯಲ್ಲಿ ನಿಮ್ಮ ಮನೆಗಳಿಂದ ಬಂದ ಬಟ್ಟೆ, ಶಾಲಾ ಸಮವಸ್ತ್ರ, ಬ್ಯಾಗ್, ಕೊಡೆ, ಪಾತ್ರೆ, ಪಠ್ಯಪುಸ್ತಕ. ಮೊದಲನೆಯ ಕೋಣೆಯಲ್ಲಿ ಹಣ ಇಲ್ಲ. ಎರಡನೆಯದರಲ್ಲಿ ಸಣ್ಣ ಬೆಲೆ ಇದೆ. ಆ ಸಣ್ಣ ಬೆಲೆಯಿಂದ ಬಂದದ್ದು ಮೊದಲ ಕೋಣೆಯ ಬೇಳೆಗೆ, ಎಣ್ಣೆಗೆ ಹೋಗುತ್ತದೆ. ಯಾವ ಧರ್ಮದವರು ಬಂದರೂ ಬಾಗಿಲು ತೆರೆದಿದೆ. ಝಕಾತ್‌ನ ಹಣಕ್ಕೆ ಯಾರು ಅರ್ಹರು ಎಂಬ ನಿಯಮ ಇರುವುದರಿಂದ ಉಸ್ತಾದರ ಮಾರ್ಗದರ್ಶನದಂತೆ ಅದಕ್ಕೆ ಬೇರೆ ಪುಸ್ತಕ, ಸದಕಾ ಮತ್ತು ಇತರ ದೇಣಿಗೆಗೆ ಬೇರೆ ಪುಸ್ತಕ ಇಟ್ಟಿದ್ದೇವೆ. ಒಂದರ ಹಣ ಇನ್ನೊಂದಕ್ಕೆ ಸೇರುವುದಿಲ್ಲ.

ನಾನು ಸೇರಿದ ಹೊಸತರಲ್ಲಿ ಎಲ್ಲರಿಗೂ ಒಂದೇ ಕಿಟ್. ಒಂದೇ ಅಳತೆಯ ಚೀಲ, ಒಳಗೆ ಒಂದೇ ಸಾಮಾನು. ಕಟ್ಟುವುದು ಸುಲಭ, ಲೆಕ್ಕವೂ ಸುಲಭ. ಟೀಚರ್‌ಗಳಿಗೆ ಸಾಲು ಎಂದರೆ ಇಷ್ಟ. ಹಾಗಾಗಿ ಆ ಸಾಲು ನೋಡಿ ನನಗೆ ಸಂತೋಷವೇ ಆಗುತ್ತಿತ್ತು.

ಒಂದು ಶನಿವಾರ ವಯಸ್ಸಾದ ಒಬ್ಬ ತಾಯಿ ಚೀಲ ತೆರೆದು ನೋಡಿ, ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು, "ಟೀಚರ್, ಕುಚ್ಚಲಕ್ಕಿ ಇಲ್ವಾ?" ಎಂದು ಮೆಲ್ಲಗೆ ಕೇಳಿದರು. ನನಗೆ ಒಳಗೊಳಗೆ ಸಿಟ್ಟು ಬಂತು. ಉಚಿತವಾಗಿ ಸಿಗುವುದಕ್ಕೂ ಇವರಿಗೆ ಆಯ್ಕೆ ಬೇಕೇ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಮನೆಗೆ ಹೋಗಿ ಊಟಕ್ಕೆ ಕುಳಿತಾಗ ನನ್ನ ಬಟ್ಟಲಲ್ಲಿ ಇದ್ದದ್ದು ಕುಚ್ಚಲಕ್ಕಿಯ ಅನ್ನ. ಹುಟ್ಟಿದಾಗಿನಿಂದ ಅದೇ ತಿಂದವಳು ನಾನು. ಬೆಳ್ತಿಗೆ ಅಕ್ಕಿ ನಮ್ಮಲ್ಲಿ ಮದುವೆಗೆ, ದೋಸೆಗೆ, ಪತ್ತಿರಿಗೆ. ಜ್ವರ ಬಂದರೆ ಗಂಜಿಗೆ ಕುಚ್ಚಲಕ್ಕಿಯೇ ಬೇಕು. ನನ್ನ ಮನೆಯಲ್ಲಿ ಎರಡು ಹೊತ್ತು ನಾನು ಬಯಸದ ಅಕ್ಕಿಯನ್ನು ಆ ತಾಯಿ ಸಂತೋಷದಿಂದ ಸ್ವೀಕರಿಸಬೇಕೆಂದು ನಾನು ಬಯಸಿದ್ದೆ.

ಅದಲ್ಲದೆ ಇನ್ನೊಂದು ಸಂಗತಿ ಇತ್ತು. ಅವರ ಮನೆಯಲ್ಲಿ ಬೆಳ್ತಿಗೆ ಅಕ್ಕಿ ಮೊದಲೇ ಇತ್ತು. ಬಿಪಿಎಲ್ ಕಾರ್ಡ್ ಇರುವ ಮನೆಗೆ ಅನ್ನಭಾಗ್ಯದ ಅಕ್ಕಿ ತಲೆಲೆಕ್ಕದಲ್ಲಿ ಬರುತ್ತದೆ. ಅದರ ಮೇಲೆ ನಾವೂ ಅಕ್ಕಿಯನ್ನೇ ಕೊಡುತ್ತಿದ್ದೆವು. ಅವರಲ್ಲಿ ಇಲ್ಲದ್ದು ಬೇಳೆ, ಎಣ್ಣೆ, ಸೋಪು. ಮೊಮ್ಮಗಳಿಗೆ ಬೇಕಾದ ಪ್ಯಾಡ್. ಅವರು ಅಕ್ಕಿಗೆ ಬಂದವರಲ್ಲ, ಅಕ್ಕಿಯ ಜೊತೆ ಬರುವ ಅರ್ಧ ಲೀಟರ್ ಎಣ್ಣೆಗೆ ಬಂದವರು. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತಿರುಗಿದ ಪರಿಸ್ಥಿತಿ. ಸೊಸೆಯ ಹೆಸರು, ಮಗುವಿನ ಹೆಸರು ಕಾರ್ಡ್‌ಗೆ ಇನ್ನೂ ಸೇರಿಲ್ಲ. ಅಲ್ಲಿ ನಿಜಕ್ಕೂ ಅಕ್ಕಿಯೇ ಬೇಕು. ಒಂದೇ ಚೀಲದಿಂದ ಈ ಎರಡು ಮನೆಗಳಿಗೂ ಉತ್ತರ ಕೊಡಲು ಹೋಗಿದ್ದೆವು.

ಆ ಮೇಲೆ ಸಮಿತಿಯಲ್ಲಿ ಚರ್ಚೆ ಮಾಡಿ ಕಿಟ್ ನಿಲ್ಲಿಸಿದೆವು. ಈಗ ಮನೆಯ ತಲೆಗಳ ಲೆಕ್ಕದಲ್ಲಿ ಒಂದು ಚೀಟಿ. ಚೀಟಿಯಲ್ಲಿ ಇಂತಿಷ್ಟು ಅಂಕ. ಅಕ್ಕಿಗೆ ಇಷ್ಟು, ಬೇಳೆಗೆ ಇಷ್ಟು ಎಂದು ಕಪಾಟಿನ ಮೇಲೆ ಬರೆದಿದೆ. ಅಂಕದೊಳಗೆ ಏನು ಬೇಕೋ ಅವರೇ ಕಪಾಟಿನಿಂದ ತೆಗೆದುಕೊಳ್ಳುತ್ತಾರೆ. ಜನ ಬಾಚಿಕೊಂಡು ಹೋಗುತ್ತಾರೆ ಎಂದು ಸಭೆಯಲ್ಲಿ ಹೆದರಿದವರಲ್ಲಿ ನಾನೂ ಒಬ್ಬಳು. ಹಾಗಾಗಲಿಲ್ಲ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆಯನ್ನು ಕಪಾಟಿನಲ್ಲೇ ಬಿಟ್ಟು ಹೆಸರುಕಾಳು ತೆಗೆದುಕೊಂಡರು. ಗ್ಯಾಸ್ ಮುಗಿದ ಮನೆಯವರು ಅವಲಕ್ಕಿ ತೆಗೆದುಕೊಂಡರು. "ಈ ವಾರ ಬೇಡ ಟೀಚರ್, ಮಗನಿಗೆ ಕೆಲಸ ಸಿಕ್ಕಿತು" ಎಂದು ಚೀಟಿ ಹಿಂದಿರುಗಿಸಿದವರೂ ಇದ್ದಾರೆ. ಮೂವತ್ತು ವರ್ಷ ಮಕ್ಕಳಿಗೆ ಗುಣಾಕಾರ ಭಾಗಾಕಾರ ಕಲಿಸಿದ ನನಗೆ ಅವರ ತಾಯಂದಿರು ನನಗಿಂತ ಚೆನ್ನಾಗಿ ಲೆಕ್ಕ ಬಲ್ಲವರು ಎಂದು ಆಗ ತಿಳಿಯಿತು.

ಈಗ ಪಕ್ಕದ ಕೋಣೆಗೆ ಬರೋಣ.

ನಿಮ್ಮಲ್ಲಿ ಎಷ್ಟೋ ಮಂದಿ ಒಳ್ಳೆಯ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ಕಳುಹಿಸುತ್ತೀರಿ. ಅಲ್ಲಾಹನು ಅದಕ್ಕೆ ತಕ್ಕ ಪ್ರತಿಫಲ ಕೊಡಲಿ. ಆದರೆ ಇಲ್ಲಿ ಸತ್ಯ ಹೇಳಬೇಕು. ಬರುವ ಗೋಣಿಗಳನ್ನು ನಾವು ಮೂರು ರಾಶಿ ಮಾಡುತ್ತೇವೆ. ಮೊದಲ ರಾಶಿ, ನೇರವಾಗಿ ಅಂಗಡಿಗೆ ಇಡಬಹುದಾದದ್ದು. ಎರಡನೆಯದು, ಗುಂಡಿ, ಝಿಪ್, ಹೊಲಿಗೆ ಸರಿಪಡಿಸಿ ಇಡಬಹುದಾದದ್ದು. ಮೂರನೆಯದು, ಗ್ಯಾರೇಜ್‌ನಲ್ಲಿ ಕೈ ಒರೆಸಲು ಕೊಡುವಂಥದ್ದು. ಮೂರನೆಯ ರಾಶಿ ಬಹಳ ಸಲ ದೊಡ್ಡದಾಗಿರುತ್ತದೆ. ಬೆವರಿನ ಕಲೆ ಇರುವ ಅಂಗಿ, ಕುಂಟು ಕಾಲಿನ ಆಟಿಕೆ, ಒಂದೇ ಚಪ್ಪಲಿ. ಅದನ್ನು ಬೇರ್ಪಡಿಸಲು ನಮ್ಮ ನಾಲ್ಕು ಜನ ಸ್ವಯಂಸೇವಕಿಯರ ಒಂದು ಪೂರ್ತಿ ಮಧ್ಯಾಹ್ನ ಹೋಗುತ್ತದೆ.

ಕುರ್‌ಆನಿನ ಅಲ್ ಬಕರ ಅಧ್ಯಾಯದ 267ನೇ ವಚನದ ಭಾವ ನಿಮಗೆಲ್ಲ ಗೊತ್ತಿದೆ. ಯಾರಾದರೂ ನಮಗೇ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ತೆಗೆದುಕೊಳ್ಳಲಾರದಂಥ ಕೆಟ್ಟ ವಸ್ತುವನ್ನು ಹುಡುಕಿ ದಾನಕ್ಕೆ ಇಡಬೇಡಿ ಎನ್ನುವುದು ಅದರ ಸಾರ. ಉಸ್ತಾದರು ಮಸೀದಿಯಲ್ಲಿ ಇದನ್ನು ವಿವರಿಸುವಾಗ ನಾವೆಲ್ಲ ತಲೆದೂಗುತ್ತೇವೆ. ಆ ಗೋಣಿ ಬಿಚ್ಚುವಾಗ ನನಗೆ ಆ ವಚನದ ಅರ್ಥ ಕೈಗೇ ತಾಗುತ್ತದೆ. ನನ್ನದೂ ತಪ್ಪಿದೆ. ಸ್ವಯಂಸೇವಕಿ ಆಗುವ ಮುಂಚೆ ನಾನೂ ಮನೆಯ ಕಪಾಟು ಖಾಲಿ ಮಾಡುವ ದಿನವನ್ನೇ ದಾನದ ದಿನ ಎಂದುಕೊಂಡಿದ್ದೆ.

ಬಟ್ಟೆಗೆ ಬೆಲೆ ಯಾಕೆ, ಬಡವರಿಂದ ಹಣ ಯಾಕೆ ಎಂದು ದಾನಿಗಳಲ್ಲಿ ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಹೇಳುವ ಉತ್ತರ ಇಷ್ಟು. ಬೆಲೆ ಚೀಟಿ ಇರುವ ಕಡೆ ಮನುಷ್ಯ ಗಿರಾಕಿ. ಗಿರಾಕಿಗೆ ಎತ್ತಿ ನೋಡುವ, ಅಳತೆ ಹಿಡಿದು ನೋಡುವ, ಬಣ್ಣ ಇಷ್ಟವಾಗದಿದ್ದರೆ ವಾಪಸ್ ಇಡುವ ಹಕ್ಕಿದೆ. ಕೈ ಚಾಚಿದವನಿಗೆ ಆ ಹಕ್ಕನ್ನು ನಾವು ಕೊಡುವುದಿಲ್ಲ. ಒಂದು ಅಂಗಿಗೆ 20 ರೂಪಾಯಿ, ಒಂದು ಜೊತೆ ಸಮವಸ್ತ್ರಕ್ಕೆ 30 ರೂಪಾಯಿ. ಆದರೆ ಗಲ್ಲಾದಲ್ಲಿ ಯಾರೂ ಕೂರುವುದಿಲ್ಲ. ಬಾಗಿಲ ಹತ್ತಿರ ಮುಚ್ಚಿದ ಒಂದು ಡಬ್ಬ ಇದೆ, ಮೇಲೆ ಸೀಳು ಇದೆ. ಅವರವರೇ ಹಾಕಿ ಹೋಗಬೇಕು. 30 ಹಾಕಿದರೋ, 5 ಹಾಕಿದರೋ, ಬರಿಗೈಯನ್ನು ಡಬ್ಬದ ಮೇಲೆ ಇಟ್ಟು ತೆಗೆದರೋ ನಮಗೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಪಡೆಯುವ ಕೈಗೂ ಅಷ್ಟೇ ಮರೆ ಇರಲಿ ಎಂದು ನಾವು ಆ ಡಬ್ಬ ಇಟ್ಟಿದ್ದೇವೆ.

ಈಗ ನಾನು ಹೇಳುವುದು ನನಗೆ ಸುಲಭವಲ್ಲ. ಹೇಳಲು ಆಕೆಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು ಹೇಳುವುದಿಲ್ಲ.

ಶಾಲೆ ಶುರುವಾಗಿ ಒಂದು ವಾರವಾಗಿತ್ತು. ಜೋರು ಮಳೆ. ಒಬ್ಬ ಹೆಂಗಸು ಬಟ್ಟೆ ಅಂಗಡಿಗೆ ಬಂದು ಮಗಳ ಅಳತೆಯ ಸಮವಸ್ತ್ರ ಹುಡುಕುತ್ತಿದ್ದಳು. ಸಿಕ್ಕಿತು. ಹೊರಡುವ ಮುಂಚೆ ನನ್ನ ಮುಂದೆ ನಿಂತು, "ಗುರುತು ಸಿಗಲಿಲ್ವಾ ಟೀಚರ್?" ಎಂದಳು. ಸಿಗಲಿಲ್ಲ. ಹೆಸರು ಹೇಳಿದ ಮೇಲೆ ನೆನಪಾಯಿತು. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿ. ಎಂಟನೇ ತರಗತಿಯ ನಡುವೆ ಶಾಲೆ ಬಿಟ್ಟವಳು.

"ಅಷ್ಟು ಚೆನ್ನಾಗಿ ಓದುತ್ತಿದ್ದಿ, ಯಾಕೆ ಬಿಟ್ಟದ್ದು?" ಎಂದು ಕೇಳಿದೆ. ಕೇಳಬಾರದಿತ್ತೇನೋ.

ಅವಳು ನಕ್ಕು ಹೇಳಿದಳು. "ನಾನು ಮಳೆಗಾಲದಲ್ಲಿ ಸೋಮವಾರ ಬರುತ್ತಿರಲಿಲ್ಲ, ನಿಮಗೆ ನೆನಪುಂಟಾ? ಸಮವಸ್ತ್ರ ಇದ್ದದ್ದು ಒಂದೇ ಜೊತೆ. ಶನಿವಾರ ಸಂಜೆ ಒಗೆದದ್ದು ಸೋಮವಾರ ಬೆಳಿಗ್ಗೆಗೂ ಒಣಗುತ್ತಿರಲಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ. ಒಂದು ದಿನ ಬಣ್ಣದ ಬಟ್ಟೆಯಲ್ಲಿ ಬಂದೆ. ನೀವು ಹೊರಗೆ ನಿಲ್ಲಿಸಿದಿರಿ. ಆ ಮೇಲೆ ಸೋಮವಾರ ಬರುವುದೇ ಬಿಟ್ಟೆ. ಸೋಮವಾರ ತಪ್ಪಿದರೆ ಮಂಗಳವಾರ ಪಾಠ ಅರ್ಥವಾಗುತ್ತಿರಲಿಲ್ಲ. ಉಮ್ಮ ಬೀಡಿ ಕಟ್ಟುತ್ತಿದ್ದರು, ನಾನೂ ಕುಳಿತೆ."

ಅವಳ ಮಾತಿನಲ್ಲಿ ಆರೋಪ ಇರಲಿಲ್ಲ. ಹಳೆಯ ಟೀಚರ್ ಸಿಕ್ಕಿದ ಸಂತೋಷವೇ ಇತ್ತು. ನನಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ. ಸೋಮವಾರದ ಆ ಸಾಲು ಸಾಲು ಕೆಂಪು ಗೈರುಹಾಜರಿಯನ್ನು ಬರೆದದ್ದು ನನ್ನದೇ ಪೆನ್ನು. ಬಿ.ಎಡ್. ತರಬೇತಿಯಲ್ಲಿ ಮಗುವಿನ ಮನೆಯ ಪರಿಸ್ಥಿತಿ ಅರಿಯಬೇಕೆಂದು ಪರೀಕ್ಷೆಗೆ ಉತ್ತರ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು ನಾನು. ವಾರದಲ್ಲಿ ಒಂದೇ ದಿನ, ಅದೂ ಮಳೆಗಾಲದಲ್ಲಿ ಮಾತ್ರ, ಒಂದು ಮಗು ಯಾಕೆ ತಪ್ಪಿಸುತ್ತದೆ ಎಂದು ಗಣಿತದ ಟೀಚರ್ ಆಗಿ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹಣ ಬೇಡ, ಹಾಗೇ ತೆಗೆದುಕೊಂಡು ಹೋಗು ಎಂದೆ. ಅವಳು ಕೇಳಲಿಲ್ಲ. ಡಬ್ಬಕ್ಕೆ ಹಾಕಿ, ಕೊಡೆ ಬಿಡಿಸಿ ಹೊರಟಳು. ಮುಂದಿನ ಶನಿವಾರ ಬಂದಾಗ ನಾನು ಅವಳಲ್ಲಿ ಕ್ಷಮೆ ಕೇಳಿದೆ. "ಅದೆಲ್ಲ ಬಿಡಿ ಟೀಚರ್, ಇವಳಿಗೆ ಎರಡನೇ ಜೊತೆ ಸಿಗುತ್ತದಾ ನೋಡಿ" ಎಂದಳು. ಎರಡನೇ ಜೊತೆ ಹುಡುಕಿ ಕೊಟ್ಟೆ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಒಂದು ನಿಯಮ ಇದೆ. ಮಳೆಗಾಲದಲ್ಲಿ ಸಮವಸ್ತ್ರ ಒಂದು ಜೊತೆಯಾಗಿ ಕೊಡುವುದಿಲ್ಲ. ಎರಡು ಜೊತೆ, ಬೆಲೆ ಒಂದರದ್ದು.

ಈ ಘಟನೆಯ ಇನ್ನೊಂದು ಭಾಗ ಹೇಳಬೇಕು. ಆ ದಿನ ಅವಳು ಬಟ್ಟೆ ಅಂಗಡಿಯಿಂದ ಹೊರಟು ಪಕ್ಕದ ರೇಷನ್ ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ. ಒಳಗೆ ಇಣುಕಿದಳು, ಏನೂ ಕೇಳದೆ ಹೋದಳು. ಕೇಳಿದ್ದರೂ ಕೊಡಲು ಏನೂ ಇರಲಿಲ್ಲ. ಕಪಾಟು ಖಾಲಿಯಾಗಿತ್ತು. ಆ ಶನಿವಾರ ಬಂದ ಎಲ್ಲರಿಗೂ ನಾವು "ಮುಂದಿನ ವಾರ ನೋಡುವ" ಎಂದು ಹೇಳಿ ಕಳುಹಿಸಿದ್ದೆವು. ಮುಂದಿನ ವಾರವೂ ಅರ್ಧ ಕಪಾಟು ಮಾತ್ರ ತುಂಬಿತು. ಅವಳ ಗಂಡ ದಕ್ಕೆಯಲ್ಲಿ ಬೋಟಿನ ಕೆಲಸದವನು ಎಂದು ನನಗೆ ಗೊತ್ತಾದದ್ದು ಆ ಮೇಲೆ. ಬೇಡದೆ ಸುಮ್ಮನಿರುವವರನ್ನು, ಅವರ ಸಂಯಮ ನೋಡಿ ಸ್ಥಿತಿವಂತರು ಎಂದು ತಪ್ಪು ತಿಳಿಯುವವರ ಬಗ್ಗೆ ಅದೇ ಅಲ್ ಬಕರ ಅಧ್ಯಾಯದಲ್ಲಿ ಮಾತಿದೆ. ತಪ್ಪು ತಿಳಿದವಳು ಆ ದಿನ ನಾನು.

ಕಪಾಟು ಯಾಕೆ ಖಾಲಿಯಾಗಿತ್ತು? ದಾನಿಗಳು ಕೊಡಲಿಲ್ಲವೆಂದಲ್ಲ. ರಂಝಾನ್‌ನಲ್ಲಿ ನೀವು ಧಾರಾಳವಾಗಿ ಕೊಟ್ಟಿದ್ದಿರಿ. ಅಕ್ಕಿಯ ಗೋಣಿ ಇಡಲು ಜಾಗವಿಲ್ಲದೆ ವರಾಂಡದಲ್ಲಿ ಇಟ್ಟಿದ್ದೆವು. ಒಂದೇ ಮನೆಗೆ ಮೂರು ಕಡೆಯಿಂದ ಕಿಟ್ ಹೋಗಿತ್ತು. ಉಳಿದ ಅಕ್ಕಿಯಲ್ಲಿ ನಮ್ಮ ಕರಾವಳಿಯ ಸೆಕೆಗೆ ಹುಳ ಬಿತ್ತು. ಬಿಸಿಲಿಗೆ ಹಾಕಿ, ಜರಡಿ ಹಿಡಿದು, ಬೇವಿನ ಎಲೆ ಹಾಕಿ ಉಳಿಸಿದ್ದು ಸ್ವಲ್ಪ. ಮೇ ಮುಗಿಯುವಾಗ ಎಲ್ಲ ಮುಗಿದಿತ್ತು. ಕಷ್ಟ ಶುರುವಾಗುವುದೇ ಆಗ.

ನಮ್ಮ ಕರಾವಳಿಯ ಬಡ ಮನೆಯ ಲೆಕ್ಕ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತಾನ ಉಳಿಯಲು ಅದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೋಟು ನಿಂತರೆ ಬೋಟಿನವನ ಜೊತೆ ಐಸ್ ಪ್ಲಾಂಟ್‌ನವನು, ಮೀನು ಹೊರುವವನು, ಟೆಂಪೋ ಓಡಿಸುವವನು, ಮೀನು ಮಾರುವ ಹೆಂಗಸು ಎಲ್ಲರ ಕೈಯೂ ನಿಲ್ಲುತ್ತದೆ. ಅದೇ ತಿಂಗಳು ಮಳೆ. ಕೆಂಪುಕಲ್ಲಿನ ಕೋರೆ ನಿಲ್ಲುತ್ತದೆ, ಗಾರೆ ಕೆಲಸ, ಪೈಂಟಿಂಗ್ ಕೆಲಸ ಕಡಿಮೆಯಾಗುತ್ತದೆ. ಬರುವ ಹಣ ನಿಂತ ಹೊತ್ತಿಗೇ ಹೋಗುವ ಹಣ ಹೆಚ್ಚುತ್ತದೆ. ಶಾಲೆ ಶುರು. ಫೀಸು, ನೋಟ್‌ಪುಸ್ತಕ, ಕೊಡೆ, ಬಸ್ ಪಾಸ್, ಸೋರುವ ಮಾಡಿಗೆ ಟಾರ್ಪಾಲ್, ಮಕ್ಕಳ ಜ್ವರಕ್ಕೆ ಔಷಧಿ. ಸಾಲ ಹುಟ್ಟುವುದು ಜೂನ್‌ನಲ್ಲಿ. ಚಿನ್ನ ಅಡವಿಗೆ ಹೋಗುವುದು ಜೂನ್‌ನಲ್ಲಿ. "ಈ ವರ್ಷ ಒಬ್ಬಳು ಶಾಲೆ ಬಿಡಲಿ" ಎಂಬ ಮಾತು ಮನೆಯೊಳಗೆ ಬರುವುದೂ ಜೂನ್‌ನಲ್ಲಿಯೇ.

ಇನ್ನು ರಂಝಾನ್‌ನ ಲೆಕ್ಕ. ಬೋರ್ಡ್ ಇಲ್ಲ, ಬಾಯಲ್ಲೇ ಹೇಳುತ್ತೇನೆ. ನಮ್ಮ ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ರಂಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2016ರಲ್ಲಿ ಉಪವಾಸ ಶುರುವಾದದ್ದು ಜೂನ್ ಮೊದಲ ವಾರದ ಹೊತ್ತಿಗೆ. ಆಗ ಕೊಡುವವರ ತಿಂಗಳೂ ಬೇಕಾದವರ ತಿಂಗಳೂ ಒಂದೇ ಆಗಿತ್ತು. ಅದು ನಮ್ಮ ಯೋಜನೆಯಲ್ಲ, ಚಂದ್ರನ ಲೆಕ್ಕ. 2025ರಲ್ಲಿ ರಂಝಾನ್ ಬಂದದ್ದು ಮಾರ್ಚ್‌ನ ಆರಂಭದಲ್ಲಿ. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ ರಂಝಾನ್ ಶುರುವಾಗುತ್ತದೆ. ಮತ್ತೆ ಜೂನ್‌ಗೆ ಬರಲು 2016ರಿಂದ ಎಣಿಸಿದರೆ ಸುಮಾರು 33 ವರ್ಷ, ಅಂದರೆ 2049ರ ಸುಮಾರಿಗೆ. ಈ ಸಭೆಯಲ್ಲಿರುವ ಎಂಟನೇ ತರಗತಿಯ ಮಕ್ಕಳಿಗೆ ಆಗ ಮಕ್ಕಳಿರುತ್ತಾರೆ. ಅಲ್ಲಿಯವರೆಗೆ ಬಡವರ ಜೂನ್ ಕಾಯಬೇಕೇ?

ರಂಝಾನ್‌ನಲ್ಲಿ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಆ ತಿಂಗಳ ಪುಣ್ಯ ನನಗೂ ಗೊತ್ತು, ಆಸೆ ನನಗೂ ಇದೆ. ಫಿತ್ರ್ ಝಕಾತ್ ಪೆರ್ನಾಳ್ ನಮಾಝಿನ ಮುಂಚೆ ಕೊಟ್ಟೇ ಮುಗಿಸಬೇಕಾದದ್ದು. ಅದನ್ನು ತೆಗೆದಿಡುವ ಪ್ರಶ್ನೆಯೇ ಇಲ್ಲ. ಆದರೆ ಸಂಪತ್ತಿನ ಝಕಾತ್ ರಂಝಾನ್‌ಗೆ ಕಟ್ಟಿದ್ದಲ್ಲ. ನಿಸಾಬ್ ತಲುಪಿದ ಸಂಪತ್ತು ಒಂದು ಚಾಂದ್ರಮಾನ ವರ್ಷ ನಮ್ಮಲ್ಲಿ ಉಳಿದಾಗ ನೂರಕ್ಕೆ ಎರಡೂವರೆ ಕೊಡಬೇಕು. ನಿಮ್ಮ ವರ್ಷ ಯಾವ ತಿಂಗಳಲ್ಲಿ ಮುಗಿಯುತ್ತದೋ ಆ ತಿಂಗಳು ನಿಮ್ಮದು. ಸಮಯಕ್ಕೆ ಮೊದಲೇ ಕೊಡಲು ಇರುವ ಅವಕಾಶದ ಬಗ್ಗೆ ಉಸ್ತಾದರು ಹೇಳುತ್ತಾರೆ, ಅವರನ್ನು ಕೇಳಿ. ಇನ್ನು ಸದಕಾಕ್ಕೆ ತಿಂಗಳೂ ಇಲ್ಲ, ದಿನವೂ ಇಲ್ಲ. ಹಾಗಾಗಿ ನನ್ನ ಮೊದಲ ವಿನಂತಿ ಇದು. ನಿಮ್ಮ ಸದಕಾದ ಒಂದು ಪಾಲನ್ನು ಮಳೆಗಾಲಕ್ಕೆ ಎಂದು ಬೇರೆ ಇಡಿ. ದೊಡ್ಡ ಮೊತ್ತ ಒಂದೇ ಸಲ ಬರುವುದಕ್ಕಿಂತ ತಿಂಗಳು ತಿಂಗಳು ಬರುವ ಸಣ್ಣ ಮೊತ್ತ ನಮಗೆ ಹೆಚ್ಚು ಉಪಕಾರ. ಸಾಮಾನು ಕೊಡುವುದಾದರೆ ಮೊದಲು ಕೇಳಿ, ಕಪಾಟಿನಲ್ಲಿ ಏನಿಲ್ಲ ಎಂದು. ಬಹಳ ಸಲ ಉತ್ತರ ಬೇಳೆ ಮತ್ತು ಎಣ್ಣೆ ಆಗಿರುತ್ತದೆ.

ಎರಡನೇ ವಿನಂತಿ ಬಟ್ಟೆಯದ್ದು. ಗೋಣಿ ಕಟ್ಟುವ ಮುಂಚೆ ಒಂದು ಪ್ರಶ್ನೆ ಸಾಕು: ಇದನ್ನು ನನ್ನ ಮಗುವಿಗೆ ತೊಡಿಸಿ ಹೊರಗೆ ಕಳುಹಿಸುತ್ತೇನೆಯೇ? ಹೌದಾದರೆ ಕೊಡಿ. ಇಲ್ಲವಾದರೆ ಮನೆಯಲ್ಲೇ ನೆಲ ಒರೆಸಲು ಇಟ್ಟುಕೊಳ್ಳಿ.

ಮೂರನೇ ವಿನಂತಿ ಫೋಟೋ ಬಗ್ಗೆ. ಕೊಟ್ಟದ್ದಕ್ಕೆ ಫೋಟೋ ಕಳುಹಿಸಿ ಎಂದು ಕೇಳುವವರಿದ್ದಾರೆ. ಅನುಮಾನದಿಂದ ಅಲ್ಲ, ನೋಡಿ ಸಂತೋಷಪಡಲು ಎಂದು ನನಗೆ ಗೊತ್ತು. ಆದರೆ ಆ ಫೋಟೋದಲ್ಲಿ ಚೀಲ ಹಿಡಿದು ನಿಂತ ತಾಯಿಯ ಮಗ ಇದೇ ಊರಿನ ಕಾಲೇಜಿಗೆ ಹೋಗುತ್ತಾನೆ. ಅವನ ಗೆಳೆಯರ ವಾಟ್ಸ್ಆ್ಯಪ್‌ಗೂ ಅದು ಬರುತ್ತದೆ. ಕೊಟ್ಟ ದಾನವನ್ನು ಹಂಗಿಸಿ, ನೋಯಿಸಿ ವ್ಯರ್ಥ ಮಾಡಿಕೊಳ್ಳಬೇಡಿ ಎಂಬ ಎಚ್ಚರಿಕೆಯೂ ನಮಗಿದೆ. ಲೆಕ್ಕ ಬೇಕೆಂದರೆ ಪುಸ್ತಕ ತೆರೆದಿದೆ. ನೋಡಬೇಕೆಂದರೆ ಫೋಟೋ ಯಾಕೆ, ನೀವೇ ಒಂದು ಶನಿವಾರ ಬನ್ನಿ. ಒಂಬತ್ತು ಗಂಟೆಗೆ ಬಂದು ಗೋಣಿ ಬಿಚ್ಚಿ, ಬೇಳೆ ತೂಗಿ, ಗುಂಡಿ ಹೊಲಿಯಿರಿ. ಮೇಜಿನ ಆ ಬದಿಯಲ್ಲಿ ನಿಂತವರ ಜೊತೆ ಮಾತನಾಡಿ. ಕಳೆದ ವರ್ಷ ಗಲ್ಫ್‌ನಿಂದ ಬಂದ ಒಬ್ಬ ದಾನಿ ಇಡೀ ದಿನ ಅಕ್ಕಿ ತೂಗಿದರು. ಸಂಜೆ ಹೋಗುವಾಗ, "ಟೀಚರ್, ನಾನು ಇಷ್ಟು ವರ್ಷ ಬೇಡದ್ದನ್ನು ಕಳುಹಿಸುತ್ತಿದ್ದೆ" ಎಂದರು. ಈಗ ಅವರು ತೆಂಗಿನೆಣ್ಣೆ ಕಳುಹಿಸುತ್ತಾರೆ.

ಇನ್ನು ವಿದ್ಯಾರ್ಥಿವೇತನದ ಮನೆಯವರಿಗೆ ಒಂದಿಷ್ಟು ಮಾತು.

ಈ ಹಣ ಪಡೆದದ್ದಕ್ಕೆ ನೀವು ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ಝಕಾತ್ ಪಡೆಯಲು ಅರ್ಹರಾದವರಿಗೆ ಅದು ಹಕ್ಕು. ರೇಷನ್ ಕೋಣೆಗೆ ಬರಲು ಸಂಕೋಚ ಬೇಡ. ವಿದ್ಯಾರ್ಥಿವೇತನ ಪಡೆದವರು ರೇಷನ್ ಪಡೆಯಬಾರದು ಎಂಬ ಮಾತು ಎಲ್ಲೋ ಹರಡಿದೆ. ಅದು ಸುಳ್ಳು. ಫೀಸಿನ ಹಣ ಅಕ್ಕಿಗೆ ಖರ್ಚಾಗಬಾರದು ಎಂದೇ ಆ ಕೋಣೆ ಇರುವುದು.

ಶನಿವಾರ ನಮ್ಮ ಮೇಜಿನ ಮೇಲೆ ಬೇಳೆಯಷ್ಟೇ ಕಾಗದಪತ್ರಗಳೂ ಇರುತ್ತವೆ. ಸರ್ಕಾರದ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಅಂಕ ಕಡಿಮೆ ಎಂದಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಒಂದು ಕಡೆ ಫಾತಿಮಾ, ಇನ್ನೊಂದು ಕಡೆ ಫಾತಿಮತ್. ಆ ಹೆಸರನ್ನು ದಾಖಲಾತಿ ಪುಸ್ತಕದಲ್ಲಿ ಅವಸರದಲ್ಲಿ ಬರೆದದ್ದು ನನ್ನಂಥ ಟೀಚರ್‌ಗಳೇ. ಹಾಗಾಗಿ ಅದನ್ನು ಸರಿಪಡಿಸಲು ಜೊತೆಗೆ ಕೂರುವುದು ನಮ್ಮ ಕರ್ತವ್ಯ. ಮಗು ಎಸ್ಸೆಸ್ಸೆಲ್ಸಿಗೆ ಬರುವ ಮೊದಲೇ ಎರಡೂ ದಾಖಲೆಯ ಅಕ್ಷರ ಹೋಲಿಸಿ ನೋಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮೊದಲೇ ಅರ್ಜಿ ಹಾಕಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಗೊತ್ತಾಗದಿದ್ದರೆ ಕಾಗದ ಹಿಡಿದು ಶನಿವಾರ ಬನ್ನಿ.

ಮಕ್ಕಳೇ, ನಿಮ್ಮಲ್ಲಿ ಒಂದು ಕೇಳಿಕೆ. ಇದು ವಿದ್ಯಾರ್ಥಿವೇತನಕ್ಕೆ ಷರತ್ತು ಅಲ್ಲ, ಕೇಳಿಕೆ ಮಾತ್ರ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ನಿಮಗೆ ಗಿಡ್ಡವಾದ ಸಮವಸ್ತ್ರ, ಓದಿ ಮುಗಿದ ಪಠ್ಯಪುಸ್ತಕವನ್ನು ಒಗೆದು, ಒರೆಸಿ ನಮಗೆ ತಂದುಕೊಡಿ. ಏಪ್ರಿಲ್ ಬಿಸಿಲಲ್ಲಿ ಒಣಗಿದ ಆ ಒಂದು ಜೊತೆ ಜೂನ್ ಮಳೆಯಲ್ಲಿ ಇನ್ನೊಂದು ಮಗುವಿನ ಸೋಮವಾರವನ್ನು ಉಳಿಸುತ್ತದೆ. ಇದನ್ನು ಕೊಡಲು ಶ್ರೀಮಂತರಾಗಬೇಕಿಲ್ಲ. ದಾನಿಗಳ ಪಟ್ಟಿಯಲ್ಲಿ ನಿಮ್ಮ ಹೆಸರೂ ಸೇರುತ್ತದೆ, ಬರೆಯದಿದ್ದರೂ.

ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರುವ ಒಬ್ಬ ತಾಯಿ ಇವತ್ತು ಮಗಳ ಜೊತೆ ಬಂದಿದ್ದಾಳೆ. ಯಾರು ಎಂದು ತಿರುಗಿ ನೋಡಬೇಡಿ. ಆ ಮಗು ಈ ಮಳೆಗಾಲ ಒಂದು ಸೋಮವಾರವೂ ತಪ್ಪಿಸಿಲ್ಲ. ನಾನು ಹಾಜರಿ ಪುಸ್ತಕ ಕೇಳಿ ನೋಡಿದ್ದೇನೆ. ಹಳೆಯ ಅಭ್ಯಾಸ.

ಗಂಟೆ ಬಾರಿಸುವವರು ಎದ್ದು ನಿಂತಿದ್ದಾರೆ. ಮುಂದಿನ ಜೂನ್ ಬರುವಾಗ ನಮ್ಮ ಕಪಾಟು ತುಂಬಿರಲಿ. ಕೊಟ್ಟವರ ಸಂಪತ್ತಿನಲ್ಲಿ ಅಲ್ಲಾಹನು ಬರ್ಕತ್ ನೀಡಲಿ, ಪಡೆದವರ ಮಾನವನ್ನು ಕಾಪಾಡಲಿ, ಓದುವ ಮಕ್ಕಳಿಗೆ ಉಪಕಾರದ ವಿದ್ಯೆ ಕೊಡಲಿ, ನಮ್ಮಿಂದಾದ ತಪ್ಪುಗಳನ್ನು ಮನ್ನಿಸಲಿ. ಆಮೀನ್.

ಅಸ್ಸಲಾಮು ಅಲೈಕುಮ್ ವರಹ್ಮತುಲ್ಲಾಹ್.